ಜಾರ್ಜ್‌ಟೌನ್‌ನಲ್ಲಿ ಒಂದು ಹಗಲು: ಹಡಗಿನಿಂದ ಇಳಿದು, ಕ್ಯಾಮೆರಾ ಹಿಡಿದು ಅಡ್ಡಾಡುವುದು ಹೇಗೆ?

ಪ್ರಶ್ನೆ: ನಾನು ಗದಗಿನವನು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾಗಿದ್ದೇನೆ. ಬರುವ ಫೆಬ್ರುವರಿಯಲ್ಲಿ ಮಗ ನಮ್ಮಿಬ್ಬರನ್ನು ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಕಳಿಸುತ್ತಿದ್ದಾನೆ. ಹಡಗು ಮಲೇಷ್ಯಾದ ಪೆನಾಂಗ್‌ಗೆ ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ. ಮರುದಿನ ಫುಕೆಟ್. ಪೆನಾಂಗ್‌ನಲ್ಲಿ ಹಡಗಿನವರ ಬಸ್ ಟೂರ್ ಬಿಟ್ಟು, ನಾವೇ ನಡೆದು ಊರು ನೋಡಿ ಫೋಟೊ ತೆಗೆಯಬಹುದೇ? ನನ್ನ ಹತ್ತಿರ 18-55 ಲೆನ್ಸ್ ಇರುವ ಕ್ಯಾಮೆರಾ ಇದೆ. ದೊಡ್ಡ ಜೂಮ್ ಕೊಳ್ಳಬೇಕೇ? ಮನೆಯವರಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು. ಗುರುತಿಲ್ಲದ ಊರಿನಲ್ಲಿ ಜನರ ಫೋಟೊ ತೆಗೆಯಲು ಅಂಜಿಕೆಯೂ ಇದೆ.

ಉತ್ತರ: ನಮಸ್ಕಾರ ಸರ್. ಖಂಡಿತ ಮಾಡಬಹುದು. ನನ್ನನ್ನು ಕೇಳಿದರೆ ನಡೆದೇ ನೋಡಬೇಕು.

ಕ್ರೂಸ್ ಹಡಗು ನಿಲ್ಲುವ ಎಲ್ಲ ಊರಿಗೂ ಈ ಮಾತು ಹೇಳುವುದಿಲ್ಲ. ಕ್ವಾಲಾಲಂಪುರ ಅಂತ ಬರೆದಿದ್ದರೆ ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ಅಲ್ಲಿಂದ ಊರಿಗೆ ರಸ್ತೆಯಲ್ಲೇ ಒಂದು ತಾಸು ಬೇಕು. ಫುಕೆಟ್‌ನಲ್ಲಿ ಎಷ್ಟೋ ಸಲ ಹಡಗು ಕಡಲಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಯಲ್ಲಿ ದಂಡೆಗೆ ಬರಬೇಕು. ಪೆನಾಂಗ್ ಹಾಗಲ್ಲ. ಸ್ವೆಟೆನ್‌ಹ್ಯಾಮ್ ಪಿಯರ್ ಅನ್ನುವ ಕಟ್ಟೆಗೆ ಹಡಗು ಕಟ್ಟುತ್ತಾರೆ. ಗೇಟು ದಾಟಿದರೆ ಎದುರಿಗೇ ಪೆನಾಂಗ್ ದ್ವೀಪದ ಮುಖ್ಯ ಊರಾದ ಜಾರ್ಜ್‌ಟೌನ್‌ನ ಹಳೇ ಪೇಟೆ. ನಮ್ಮ ಗದಗ ಸ್ಟೇಷನ್ನಿನಿಂದ ಹೊರಗೆ ಬಂದಷ್ಟೇ ಸಲೀಸು.

ಮೊದಲ ಸಲ ಹೋದಾಗ ನಾನು ಬಸ್ ಟೂರ್ ತೆಗೆದುಕೊಂಡಿದ್ದೆ. ಗುಡ್ಡ, ದೊಡ್ಡ ಬೌದ್ಧ ದೇವಾಲಯ, ಬಟ್ಟೆ ಅಂಗಡಿ, ಊಟ, ಕೊನೆಗೆ ಹಳೇ ಪೇಟೆಯಲ್ಲಿ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಮುಗಿದು ಬಸ್ ಹತ್ತುವಾಗ ನನಗೆ ನಿಜಕ್ಕೂ ಸಂಕಟ ಆಯಿತು. ನೋಡಬೇಕಾದದ್ದು ಅಲ್ಲೇ ಇತ್ತು, ನಾನು ಹೊರಟಿದ್ದೆ. ಆಮೇಲೆ ಎರಡು ಸಲ ಹೋಗಿ ಆ ಓಣಿಗಳಲ್ಲಿ ಮಾತ್ರ ಅಡ್ಡಾಡಿದ್ದೇನೆ. ಅದಕ್ಕೇ ನಿಮಗೆ ಹೇಳುವುದು: ಪೆನಾಂಗ್ ಹಿಲ್ ಬಿಡಿ, ಕೆಕ್ ಲೋಕ್ ಸಿ ದೇವಾಲಯವನ್ನೂ ಬಿಡಿ. ಎರಡೂ ಚೆನ್ನಾಗಿವೆ, ಆದರೆ ಊರಿನ ಆಚೆ ಇವೆ. ನಿಮ್ಮ ಕೈಯಲ್ಲಿ ಇರುವುದು ಬರೀ ಆರು ತಾಸು. ಆ ಆರು ತಾಸನ್ನು ಒಂದೇ ಸಣ್ಣ ಪೇಟೆಗೆ ಕೊಡಿ.

ಎಂಟರಿಂದ ಐದು ಅಂದರೆ ಒಂಬತ್ತು ತಾಸು ಅಲ್ವಾ, ಆರು ಹೇಗೆ ಅಂತ ನೀವು ಕೇಳಬಹುದು. ಹಡಗು ಎಂಟಕ್ಕೆ ಬಂದರೂ ಕಾಗದಪತ್ರ ಮುಗಿದು ಇಳಿಯಲು ಬಿಡುವ ಹೊತ್ತಿಗೆ ಎಂಟೂವರೆ, ಒಂಬತ್ತು ಆಗುತ್ತದೆ. ಸಂಜೆ ಐದಕ್ಕೆ ಹೊರಡುವ ಹಡಗು ನಾಲ್ಕು ಅಥವಾ ನಾಲ್ಕೂವರೆಗೇ ಎಲ್ಲರೂ ಒಳಗಿರಬೇಕು ಅನ್ನುತ್ತದೆ. ಆ ಹೊತ್ತನ್ನು ಇಳಿಯುವ ಬಾಗಿಲ ಹತ್ತಿರ ಬರೆದು ಹಾಕಿರುತ್ತಾರೆ. ದಿನದ ಮೊದಲ ಫೋಟೊ ಆ ಬೋರ್ಡಿನದೇ ಆಗಿರಲಿ. ನೀವು ಮೂರಕ್ಕೇ ಕಟ್ಟೆ ಹತ್ತಿರ ಬಂದುಬಿಡಿ. ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಗಡಿಯಾರದ ವಿಷಯ ಇನ್ನೂ ಒಂದಿದೆ. ಸಿಂಗಪುರ, ಮಲೇಷ್ಯಾ ಎರಡಕ್ಕೂ ಒಂದೇ ಸಮಯ, ನಮಗಿಂತ ಎರಡೂವರೆ ತಾಸು ಮುಂದೆ. ಫುಕೆಟ್ ಥಾಯ್ಲೆಂಡ್‌ನಲ್ಲಿದೆ, ಅಲ್ಲಿ ಅದಕ್ಕಿಂತ ಒಂದು ತಾಸು ಹಿಂದೆ. ಹಡಗು ತನ್ನ ಗಡಿಯಾರ ಬದಲಿಸುತ್ತದೋ ಇಲ್ಲವೋ ಅಂತ ಕೇಳಿಕೊಳ್ಳಿ. ಮೊಬೈಲ್ ತಾನಾಗಿಯೇ ಸಮಯ ಬದಲಿಸಿಕೊಳ್ಳುತ್ತದೆ, ಅದನ್ನು ನಂಬಿ ಹಡಗು ತಪ್ಪಿಸಿಕೊಳ್ಳಬಾರದು. ಕೈಗೆ ಒಂದು ಸಾದಾ ವಾಚ್ ಕಟ್ಟಿ, ಅದನ್ನು ಹಡಗಿನ ಸಮಯಕ್ಕೆ ಇಟ್ಟುಬಿಡಿ.

ಫೋಟೊ ತೆಗೆಯುವವನಿಗೆ ಈ ಗಡಿಯಾರದಿಂದ ಒಂದು ದೊಡ್ಡ ಲಾಭವೂ ಇದೆ. 1982ರಲ್ಲಿ ಪಶ್ಚಿಮ ಮಲೇಷ್ಯಾ ತನ್ನ ಗಡಿಯಾರವನ್ನು ಪೂರ್ವ ಮಲೇಷ್ಯಾಕ್ಕೆ ಹೊಂದಿಸಿಕೊಂಡು ಮುಂದೆ ಹಾಕಿತು. ಹಾಗಾಗಿ ಪೆನಾಂಗ್‌ನಲ್ಲಿ ಗಡಿಯಾರ ಮುಂದೆ, ಸೂರ್ಯ ಹಿಂದೆ. ಫೆಬ್ರುವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು ಏಳೂವರೆಗೆ. ನೆತ್ತಿಯ ಹತ್ತಿರ ಬರುವುದು ಒಂದೂವರೆಗೆ. ಗದಗಿನಲ್ಲಿ ಅದೇ ತಿಂಗಳು ಹನ್ನೆರಡೂ ಮುಕ್ಕಾಲಕ್ಕೇ ನೆತ್ತಿಗೆ ಬಂದಿರುತ್ತಾನೆ. ಅಂದರೆ ನೀವು ಒಂಬತ್ತಕ್ಕೆ ಇಳಿದರೂ ಬಿಸಿಲು ಇನ್ನೂ ಓರೆಯಾಗಿ, ಹಳದಿಯಾಗಿ ಬೀಳುತ್ತಿರುತ್ತದೆ. ತಡವಾಯಿತು ಅಂತ ಬೇಸರ ಬೇಡ. ಹತ್ತೂವರೆವರೆಗೆ ನಿಮಗೆ ಒಳ್ಳೇ ಬೆಳಕು ಸಿಗುತ್ತದೆ.

ಆ ಬೆಳಕಿನಲ್ಲಿ ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದೇ ಮುಖ್ಯ. ಹೆಚ್ಚಿನವರು ಗೇಟಿನ ಹತ್ತಿರವೇ ಇರುವ ಗಡಿಯಾರದ ಗೋಪುರದ ಮುಂದೆ ಅರ್ಧ ತಾಸು ಕಳೆಯುತ್ತಾರೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ ಕಟ್ಟಿಸಿದ ಗೋಪುರ ಅದು, ವರ್ಷಕ್ಕೆ ಒಂದು ಅಡಿಯಂತೆ 60 ಅಡಿ ಎತ್ತರ. ಅದು ಎಲ್ಲೂ ಹೋಗುವುದಿಲ್ಲ, ವಾಪಸ್ ಬರುವಾಗ ನೋಡೋಣ. ನೀವು ಎಡಕ್ಕೆ ಕಡಲು ಇಟ್ಟುಕೊಂಡು ಪಂಕಲಾನ್ ವೆಲ್ಡ್ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಒಂದೂ ಕಾಲು ಕಿಲೋಮೀಟರ್ ಹತ್ತಿರ ಆಗುತ್ತದೆ. ಅಲ್ಲಿ ಕಡಲಿನೊಳಗೆ ಕಂಬ ನೆಟ್ಟು, ಹಲಗೆ ಹಾಸಿ ಕಟ್ಟಿದ ಮನೆಗಳ ಸಾಲುಗಳಿವೆ. ಕುಲದ ಜೆಟ್ಟಿಗಳು ಅಂತ ಕರೆಯುತ್ತಾರೆ.

ಚೀನಾದ ಫುಜಿಯಾನ್ ಕಡೆಯಿಂದ ಹಡಗಿನ ಸರಕು ಹೊರಲು, ದೋಣಿ ನಡೆಸಲು 19ನೇ ಶತಮಾನದಲ್ಲಿ ಬಂದವರು ಇಲ್ಲಿ ನೆಲೆ ನಿಂತರು. ಒಂದೊಂದು ಜೆಟ್ಟಿಗೂ ಒಂದೊಂದು ಮನೆತನದ ಹೆಸರು. ಚ್ಯೂ, ಲಿಮ್, ಟಾನ್, ಲೀ, ಯೋ. ನಮ್ಮ ಊರುಗಳಲ್ಲಿ ಓಣಿಗೆ ಮನೆತನದ ಹೆಸರು ಇರುತ್ತದಲ್ಲ, ಅದೇ ಲೆಕ್ಕ, ಓಣಿ ಮಾತ್ರ ನೀರಿನ ಮೇಲಿದೆ. ಎಲ್ಲಕ್ಕಿಂತ ದೊಡ್ಡದು ಚ್ಯೂ ಜೆಟ್ಟಿ. ನೀವು ಅಲ್ಲಿಗೆ ಹೋಗಿ. ಈ ದಂಡೆ ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಬೆಳಗಿನ ಬಿಸಿಲು ಕಡಲಿನ ಕಡೆಯಿಂದ ನೇರ ಮನೆಗಳ ಮೇಲೆ, ಹಲಗೆಗಳ ಮೇಲೆ ಬೀಳುತ್ತದೆ. ಮಧ್ಯಾಹ್ನ ಅಲ್ಲಿ ನೆರಳು ಕಡಿಮೆ, ಜನ ಜಾಸ್ತಿ. ಬೆಳಿಗ್ಗೆ ಮನೆಯವರು ದೇವರಿಗೆ ಊದಿನಕಡ್ಡಿ ಹಚ್ಚುತ್ತಿರುತ್ತಾರೆ, ಬಟ್ಟೆ ಒಣಹಾಕುತ್ತಿರುತ್ತಾರೆ, ಅಂಗಡಿ ಕದ ತೆಗೆಯುತ್ತಿರುತ್ತಾರೆ.

ಒಂದು ಮಾತು ಮನಸ್ಸಿನಲ್ಲಿ ಇರಲಿ. ಅದು ಪ್ರದರ್ಶನಕ್ಕೆ ಇಟ್ಟ ಜಾಗ ಅಲ್ಲ, ಜನ ಸಂಸಾರ ಮಾಡುವ ಮನೆಗಳು. ಕದ ತೆರೆದಿದೆ ಅಂತ ಒಳಗೆ ಕ್ಯಾಮೆರಾ ಚಾಚಬೇಡಿ. ಕೆಲವು ಬಾಗಿಲಲ್ಲಿ ಫೋಟೊ ಬೇಡ ಅಂತ ಬೋರ್ಡ್ ಇರುತ್ತದೆ. ನಮ್ಮ ಪಡಸಾಲೆಗೆ ದಿನಾ ನೂರಾರು ಜನ ಇಣುಕಿದರೆ ನಮಗೆ ಹೇಗೆ ಅನಿಸುತ್ತದೆ? ಮೆಲ್ಲಗೆ ಮಾತಾಡುತ್ತಾ, ಹಲಗೆಯ ತುದಿಯವರೆಗೆ ಹೋಗಿ, ಸ್ವಲ್ಪ ಹೊತ್ತು ಕೂತು ಬನ್ನಿ. ನೀರು ಇಳಿದಿದ್ದರೆ ಕೆಳಗಿನ ಕಂಬಗಳು, ಕೆಸರು, ಕಟ್ಟಿದ ದೋಣಿಗಳು ಕಾಣುತ್ತವೆ. ಅವೂ ಒಳ್ಳೇ ಚಿತ್ರಗಳೇ. ಚಿತ್ರಕಲೆ ಕಲಿಸಿದ ನಿಮಗೆ ಆ ಗೆರೆಗಳ ಬಗ್ಗೆ ನಾನೇನು ಹೇಳಲಿ.

ಈಗ ಲೆನ್ಸ್ ವಿಷಯ. ದೊಡ್ಡ ಜೂಮ್ ಕೊಳ್ಳಬೇಡಿ. ನಿಮ್ಮ 18-55 ಸಾಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದರ ಜೂಮ್ ಉಂಗುರವನ್ನು 24ರ ಅಂಕಿಯ ಹತ್ತಿರ ಇಟ್ಟು ಒಂದು ಸಣ್ಣ ಟೇಪ್ ಅಂಟಿಸಿಬಿಡಿ. ಇಕ್ಕಟ್ಟಾದ ಓಣಿಗೆ, ಅಂಗಡಿಯ ಒಳಗೆ, ಎದುರು ಕೂತ ಮನುಷ್ಯನಿಗೆ ಇದೇ ಅಳತೆ ಒಗ್ಗುತ್ತದೆ. ದೊಡ್ಡ ಜೂಮ್ ಇದ್ದರೆ ದೂರದಿಂದ ಕದ್ದು ತೆಗೆಯುವ ಚಟ ಹತ್ತುತ್ತದೆ. ಹಾಗೆ ತೆಗೆದ ಮುಖಗಳಲ್ಲಿ ನಿಮ್ಮ ಜೊತೆ ಮಾತು ಇರುವುದಿಲ್ಲ. ಭಾರವೂ ಹೆಚ್ಚು, ಆ ಸೆಕೆಯಲ್ಲಿ ಕುತ್ತಿಗೆ ಬಿದ್ದುಹೋಗುತ್ತದೆ. ಲೆನ್ಸಿನ ಕಿಂಡಿ ಎಫ್ 8, ಬೆಳಕಿಗೆ ಸ್ಪಂದಿಸುವ ಮಟ್ಟ ಅಂದರೆ ಐಎಸ್ಒ ಆಟೊ, ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಇಳಿಯದಂತೆ ಇಟ್ಟರೆ ಬೀದಿಯಲ್ಲಿ ಮತ್ತೆ ಮತ್ತೆ ತಿರುಗಿಸುವ ಕೆಲಸ ಇಲ್ಲ. ನೆರಳಿಗೆ, ಒಳಾಂಗಣಕ್ಕೆ ಹೋದಾಗ ಕಿಂಡಿ ಅಗಲಿಸಿ ಎಫ್ 4 ಮಾಡಿಕೊಳ್ಳಿ.

ಗದಗಿನ ಹವೆಯಲ್ಲಿ ನಮಗೆ ಅಷ್ಟಾಗಿ ಗೊತ್ತಾಗದ ಒಂದು ತೊಂದರೆ ಅಲ್ಲಿ ಕಾದಿರುತ್ತದೆ. ಹಡಗಿನ ಕೋಣೆಯಲ್ಲಿ ರಾತ್ರಿಯೆಲ್ಲ ಎಸಿ. ಕ್ಯಾಮೆರಾ ತಣ್ಣಗಾಗಿರುತ್ತದೆ. ಹೊರಗೆ ಕಡಲ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕ್ಯಾಮೆರಾ ಹೊರಗೆ ತೆಗೆದ ತಕ್ಷಣ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ, ತಣ್ಣನೆ ನೀರಿನ ಲೋಟದ ಹೊರಗೆ ಹನಿ ಕೂತ ಹಾಗೆ. ನಾನು ಮೊದಲ ಸಲ ಗಾಬರಿಯಾಗಿ ಒರೆಸಿದೆ. ಒರೆಸಿದಷ್ಟೂ ಮತ್ತೆ ಕಟ್ಟಿತು. ಬೆಳಗಿನ ಒಳ್ಳೇ ಇಪ್ಪತ್ತು ನಿಮಿಷ ಹಾಗೇ ಹೋಯಿತು. ಇದಕ್ಕೆ ಉಪಾಯ ಸರಳ. ಹೊರಡುವ ಮುಂಚೆ ಕೋಣೆಯಲ್ಲೇ ಕ್ಯಾಮೆರಾವನ್ನು ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ. ಹೊರಗೆ ಬಂದ ಮೇಲೆ ಅರ್ಧ ತಾಸು ಚೀಲದೊಳಗೇ ಬೆಚ್ಚಗಾಗಲಿ. ಆಮೇಲೆ ತೆಗೆಯಿರಿ. ಮಂಜು ಇರುವಾಗ ಲೆನ್ಸ್ ಮಾತ್ರ ಬಿಚ್ಚಬೇಡಿ, ತೇವ ಒಳಗೂ ಹೋಗುತ್ತದೆ.

ಜೆಟ್ಟಿಯಿಂದ ಹಿಂದಕ್ಕೆ ಬಂದು ರಸ್ತೆ ದಾಟಿ ಒಳಗೆ ನಡೆದರೆ ಲೆಬು ಅರ್ಮೇನಿಯನ್ ಸಿಗುತ್ತದೆ. ಲೆಬು ಅಂದರೆ ಅವರ ಮಲಯ ಮಾತಿನಲ್ಲಿ ಬೀದಿ, ಜಲಾನ್ ಅಂದರೆ ರಸ್ತೆ. ಇಲ್ಲಿಂದ ಮುಂದೆ ನಿಮ್ಮನ್ನು ಕಾಯುವುದು ಕಾಕಿ ಲಿಮಾ. ಅದರ ಅರ್ಥ ಐದು ಅಡಿ. ಅಂಗಡಿ ಮನೆಗಳ ಮುಂದೆ, ಮೇಲಿನ ಅಂತಸ್ತಿನ ಕೆಳಗೆ, ಉದ್ದಕ್ಕೂ ಬಿಟ್ಟ ನೆರಳಿನ ದಾರಿ. ನಮ್ಮ ಹಳೇ ಮನೆಗಳ ಮುಂದಿನ ಕಟ್ಟೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಮೇಲೆ ಮಾಡು ಹೊದಿಸಿದರೆ ಹೇಗಿರುತ್ತದೋ ಹಾಗೆ. ಮನೆಗಳೂ ಹಾಗೇ, ಮುಂದೆ ಸಣ್ಣ, ಒಳಗೆ ಬಹಳ ಉದ್ದ, ನಡುವೆ ಗಾಳಿ ಬೆಳಕಿಗೆ ತೆರೆದ ಅಂಗಳ.

ಫೋಟೊಗೆ ಕಾಕಿ ಲಿಮಾದಷ್ಟು ಒಳ್ಳೇ ಜಾಗ ನಾನು ಬೇರೆ ಕಂಡಿಲ್ಲ. ಹೊರಗೆ ಬೀದಿಯಲ್ಲಿ ಬಿಸಿಲು ಸುಡುತ್ತಿರುತ್ತದೆ. ಆ ಬೆಳಕು ರಸ್ತೆಗೆ ಬಡಿದು, ಎದುರಿನ ಗೋಡೆಗೆ ಬಡಿದು, ಮೆತ್ತಗಾಗಿ ಒಳಗೆ ಬರುತ್ತದೆ. ಕೂತವರ ಮುಖದ ಮೇಲೆ ಒಂದು ಕಡೆಯಿಂದ ಬೀಳುತ್ತದೆ. ನೀವು ಬೀದಿಯ ಕಡೆಗೆ ಬೆನ್ನು ಮಾಡಿ ನಿಲ್ಲಿ. ಕನ್ನಡಕ ರಿಪೇರಿ ಮಾಡುವವನು, ಪೇಪರ್ ಓದುವ ಅಜ್ಜ, ಬುಟ್ಟಿ ಹೆಣೆಯುವವಳು, ಎಲ್ಲರೂ ಆ ಬೆಳಕಿನಲ್ಲಿ ಚೆನ್ನಾಗಿ ಬರುತ್ತಾರೆ. ಉಲ್ಟಾ ನಿಂತರೆ, ಅಂದರೆ ನೆರಳಿನಿಂದ ಬೀದಿಯ ಕಡೆ ತಿರುಗಿದರೆ, ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ. ಮುಖ ಕಪ್ಪಾಗುತ್ತದೆ, ಇಲ್ಲವೇ ಬೀದಿ ಬೆಳ್ಳಗೆ ಸುಟ್ಟುಹೋಗುತ್ತದೆ. ಆಗ ಬೀದಿಯ ಬೆಳಕಿಗೇ ಕ್ಯಾಮೆರಾ ಹೊಂದಿಸಿ, ಮನುಷ್ಯರನ್ನು ಕಪ್ಪು ಆಕೃತಿಯಾಗಿ ಬಿಟ್ಟುಬಿಡಿ. ಕಮಾನಿನೊಳಗೆ ಸೈಕಲ್ ದಾಟುವವರೆಗೆ ಕಾಯಿರಿ. ನಿಮ್ಮ ಮನೆಯವರು, ಅಕ್ಕಾವರು, ಮೊಬೈಲ್‌ನಲ್ಲಿ ತೆಗೆಯುವುದಾದರೆ, ಪರದೆಯಲ್ಲಿ ಬೆಳಕಿರುವ ಕಡೆ ಬೆರಳು ಒತ್ತಿ ಸ್ವಲ್ಪ ಕೆಳಗೆ ಎಳೆದರೆ ಸಾಕು.

ಅರ್ಮೇನಿಯನ್ ಬೀದಿಯಲ್ಲಿ ಒಂದು ಗೋಡೆ ಮುಂದೆ ಸಾಲು ನಿಂತಿರುತ್ತದೆ. ಲಿಥುವೇನಿಯಾದ ಎರ್ನೆಸ್ಟ್ ಜಖರೇವಿಚ್ ಅನ್ನುವ ಕಲಾವಿದರು 2012ರಲ್ಲಿ ಬರೆದ ಚಿತ್ರ ಅದು. ಗೋಡೆಗೆ ನಿಜವಾದ ಸೈಕಲ್ ನಿಲ್ಲಿಸಿ, ಅದರ ಮೇಲೆ ಇಬ್ಬರು ಮಕ್ಕಳನ್ನು ಬರೆದಿದ್ದಾರೆ. ಹತ್ತಿರದ ಆ ಕ್ವಿ ಬೀದಿಯಲ್ಲಿ ನಿಜವಾದ ಬೈಕ್ ಮೇಲೆ ಒಬ್ಬ ಹುಡುಗ ಕೂತಿದ್ದಾನೆ. ಚಿತ್ರದ ಮೇಷ್ಟ್ರಾದ ನಿಮಗೆ ಇವು ಇಷ್ಟ ಆಗೇ ಆಗುತ್ತವೆ. ಆದರೆ ಚಿತ್ರದ ಚಿತ್ರ ತೆಗೆದು ಬಂದರೆ ಅದು ಅವರ ಕೆಲಸ, ನಿಮ್ಮದಲ್ಲ. ಪಕ್ಕಕ್ಕೆ ಸರಿದು ನಿಂತು, ಸಾಲಿನಲ್ಲಿ ಕಾಯುವ ಜನರನ್ನು ನೋಡಿ. ಆ ಮಕ್ಕಳ ಹಾಗೇ ನಗಲು ಪ್ರಯತ್ನಿಸುವ ದೊಡ್ಡವರನ್ನು ನೋಡಿ. ಅದೇ ಬೀದಿಯ 120ನೇ ಮನೆಯಲ್ಲಿ 1910ರಲ್ಲಿ ಸನ್ ಯಾತ್ ಸೇನ್ ತಮ್ಮ ಸಂಗಡಿಗರ ಜೊತೆ ಚೀನಾದ ಕ್ರಾಂತಿಗೆ ಯೋಜನೆ ಹಾಕುತ್ತಿದ್ದರು. ಈಗ ಅದು ವಸ್ತುಸಂಗ್ರಹಾಲಯ. ಒಳಗಿನ ಅಂಗಳದ ಬೆಳಕಿಗಾದರೂ ಒಮ್ಮೆ ಹೋಗಿ.

ಅಲ್ಲೇ ಹತ್ತಿರದಲ್ಲಿ ಖೂ ಕೊಂಗ್ಸಿ ಇದೆ, ಖೂ ಮನೆತನದ ದೇವಾಲಯ ಮತ್ತು ಸಭಾಮನೆ. ಮೊದಲು ಕಟ್ಟಿದ್ದು 1901ರಲ್ಲಿ ಸುಟ್ಟುಹೋಯಿತು. ಚಕ್ರವರ್ತಿಯ ಅರಮನೆಯಷ್ಟೇ ಚೆಂದ ಕಟ್ಟಿದ್ದಕ್ಕೆ ದೇವರಿಗೆ ಸಿಟ್ಟು ಬಂತು ಅಂತ ಜನ ನಂಬಿದರು. 1906ರಲ್ಲಿ ಈಗಿನದನ್ನು ಮುಗಿಸಿದರು. ಮಾಡಿನ ಮೇಲಿನ ಕೆತ್ತನೆ, ಚಿನ್ನದ ಬಣ್ಣ, ಕೆಂಪು ದೀಪಗಳು ನೋಡಿ ಮುಗಿಯುವುದಿಲ್ಲ. ಇಲ್ಲಿ ಕೆಂಪು ಬಣ್ಣ ನಿಮ್ಮನ್ನು ಮೋಸ ಮಾಡುತ್ತದೆ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ರಾಶಿಯ ಫೋಟೊ ತೆಗೆದಿದ್ದರೆ ನಿಮಗೆ ಗೊತ್ತಿರುತ್ತದೆ. ಕಣ್ಣಿಗೆ ಒಂದೊಂದು ಕಾಯಿಯ ಸುಕ್ಕೂ ಕಾಣುತ್ತಿತ್ತು, ಫೋಟೊದಲ್ಲಿ ಬರೀ ಕೆಂಪು ಮುದ್ದೆ. ಕ್ಯಾಮೆರಾದ ಕೆಂಪು ಭಾಗ ಮಾತ್ರ ತುಂಬಿ ಹರಿದುಬಿಟ್ಟಿರುತ್ತದೆ, ಒಟ್ಟು ಬೆಳಕಿನ ಅಳತೆಯಲ್ಲಿ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಕೆಂಪು ತುಂಬಿದ ಕಡೆ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕನ್ನು, ಮೈನಸ್ 1ಕ್ಕೆ ಇಳಿಸಿ. ಹಿಸ್ಟೋಗ್ರಾಮ್‌ನಲ್ಲಿ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರದಲ್ಲಿ, ಮೂರು ಬಣ್ಣ ಬೇರೆ ಬೇರೆ ತೋರಿಸುವಂತೆ ಇಟ್ಟುಕೊಳ್ಳಿ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್, ತೆಗೆದರೆ ಇನ್ನೂ ಒಳ್ಳೇದು.

ಬ್ಯಾಡಗಿ ಮಾತು ಸುಮ್ನೆ ಎತ್ತಲಿಲ್ಲ. ಪೆನಾಂಗ್‌ಗೆ ಹೋಗುವ ಮುಂಚೆ ನೀವು ಇಲ್ಲೇ ಅಭ್ಯಾಸ ಮಾಡಬೇಕು. ಜನವರಿಯಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬರುವ ಕಾಲ. ಒಂದು ದಿನ ಹೋಗಿ ಬರೀ ಕೆಂಪನ್ನು ಕಲಿಯಿರಿ. ನಿಮ್ಮ ಬೆಟಗೇರಿಯಲ್ಲೇ ನೇಕಾರರ ಮನೆಗಳಿವೆ. ಕತ್ತಲ ಕೋಣೆ, ಒಂದೇ ಕಿಟಕಿ, ಮಗ್ಗದ ಮೇಲೆ ಓಡುವ ಕೈ. ಕಾಕಿ ಲಿಮಾದ ಬೆಳಕಿಗೂ ಆ ಕಿಟಕಿಯ ಬೆಳಕಿಗೂ ಅಂಥ ವ್ಯತ್ಯಾಸ ಇಲ್ಲ. ಒಂದು ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಬನ್ನಿ. ಆ ನೂಕುನುಗ್ಗಲಿನಲ್ಲಿ ಗುರುತಿಲ್ಲದವರ ಜೊತೆ ಮಾತಾಡಿ ಹತ್ತು ಮುಖ ತೆಗೆಯಿರಿ. ನಡಿಗೆಯ ಅಭ್ಯಾಸಕ್ಕೆ ಹುಬ್ಬಳ್ಳಿ ಸ್ಟೇಷನ್ನೇ ಸಾಕು. ಅಲ್ಲಿನ 1,507 ಮೀಟರ್ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್. ನಾನು ಹೇಳುತ್ತಿರುವ ಜಾರ್ಜ್‌ಟೌನ್ ಸುತ್ತು ಒಟ್ಟು ನಾಲ್ಕು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಅಕ್ಕಾವರನ್ನೂ ಕರೆದುಕೊಂಡು ಹೋಗಿ, ಅವರಿಗೆ ಎಷ್ಟು ಆಗುತ್ತದೆ ಅಂತ ಅಲ್ಲೇ ತಿಳಿಯುತ್ತದೆ.

ಅಂಜಿಕೆ ಬಗ್ಗೆ ಕೇಳಿದ್ದೀರಿ. ಇದನ್ನು ನಾನು ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಲಿಸುತ್ತೇನೆ. ಮೊದಲು ಕ್ಯಾಮೆರಾ ಕೆಳಗೆ ಇರಲಿ. ಕಣ್ಣು ಕೂಡಿಸಿ, ನಕ್ಕು ನಮಸ್ಕಾರ ಮಾಡಿ. ಮಲಯದಲ್ಲಿ ‘ಬೊಲೆ ಆಂಬಿಲ್ ಗಂಬಾರ್?’ ಅಂದರೆ ‘ಫೋಟೊ ತೆಗೆಯಬಹುದಾ?’ ಅಂತ. ಹೂಂ ಅಂದರೆ ‘ಬೊಲೆ’ ಅನ್ನುತ್ತಾರೆ. ತೆಗೆದ ಮೇಲೆ ‘ತರಿಮಾ ಕಾಸಿ’, ಧನ್ಯವಾದ. ಈ ಎರಡು ಮಾತು ಬಾಯಿಪಾಠ ಮಾಡಿದರೆ ಸಾಕು, ಉಳಿದದ್ದು ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಬೇಡ ಅಂದರೆ ಅಷ್ಟೇ ನಗುಮುಖದಿಂದ ಮುಂದೆ ಹೋಗಿ. ಮೊದಲ ಕ್ಲಿಕ್‌ನಲ್ಲಿ ಜನ ಬಿಗಿಯಾಗಿ ನಿಲ್ಲುತ್ತಾರೆ. ಅದನ್ನು ತೋರಿಸಿ. ನೋಡಿ ನಗುತ್ತಾರೆ, ಮತ್ತೆ ತಮ್ಮ ಕೆಲಸಕ್ಕೆ ತಿರುಗುತ್ತಾರೆ. ನಿಮ್ಮ ನಿಜವಾದ ಫೋಟೊ ಆಗ ಸಿಗುತ್ತದೆ. ಮಕ್ಕಳದ್ದಾದರೆ ತಂದೆ ತಾಯಿಯನ್ನು ಕೇಳದೆ ತೆಗೆಯಬೇಡಿ. ಇನ್ನೊಂದು, ನಿಮ್ಮ ಜೊತೆ ಅಕ್ಕಾವರು ಇರುವುದೇ ದೊಡ್ಡ ಬಲ. ಸೀರೆ ಉಟ್ಟ ಹಿರಿಯ ಹೆಣ್ಣುಮಗಳು ಪಕ್ಕದಲ್ಲಿ ಕೂತು ಮಾತಿಗೆ ಇಳಿದರೆ ಎಲ್ಲ ಕದವೂ ತೆರೆಯುತ್ತದೆ, ಇದನ್ನು ನಾನು ನನ್ನ ತಾಯಿಯ ಜೊತೆ ಹೋದಾಗ ಕಂಡಿದ್ದೇನೆ.

ಹನ್ನೊಂದೂವರೆ ಹೊತ್ತಿಗೆ ಕಾಪಿತಾನ್ ಕೆಲಿಂಗ್ ಮಸೀದಿ ಇರುವ ರಸ್ತೆಗೆ ಬನ್ನಿ. ಈ ಮಸೀದಿಯನ್ನು 1801ರಲ್ಲಿ ಕಟ್ಟಿಸಿದವರು ನಮ್ಮ ದೇಶದ ಕರಾವಳಿಯಿಂದ ವ್ಯಾಪಾರಕ್ಕೆ ಹೋದ ಮುಸ್ಲಿಮರು. ಅದೇ ರಸ್ತೆಯ ಆಸುಪಾಸಿನಲ್ಲಿ, ಕೆಲವೇ ನಿಮಿಷಗಳ ನಡಿಗೆಯಲ್ಲಿ, 1833ರ ಶ್ರೀ ಮಹಾಮಾರಿಯಮ್ಮನ ಗುಡಿ, ಕರುಣೆಯ ದೇವತೆ ಕುವಾನ್ ಯಿನ್‌ಳ ಚೀನೀ ದೇವಾಲಯ, ಸೇಂಟ್ ಜಾರ್ಜ್ ಚರ್ಚ್ ಇವೆ. ಆ ಬಿಳಿ ಚರ್ಚ್ 1818ರಲ್ಲಿ ಎದ್ದದ್ದು ಭಾರತದಿಂದ ಹಡಗಿನಲ್ಲಿ ಸಾಗಿಸಿದ ಕೈದಿಗಳ ದುಡಿಮೆಯಿಂದ. 1786ರಲ್ಲಿ ಫ್ರಾನ್ಸಿಸ್ ಲೈಟ್ ಅನ್ನುವ ಇಂಗ್ಲಿಷ್ ವ್ಯಾಪಾರಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ದ್ವೀಪ ಹಿಡಿದ ಮೇಲೆ ವ್ಯಾಪಾರಿಯೂ ಕೂಲಿಯೂ ಕೈದಿಯೂ ನಮ್ಮ ಕಡೆಯಿಂದ ಹೋದರು. ಆ ಕಂಬಗಳ ಮುಂದೆ ನಿಂತಾಗ ಹೆಸರೇ ಉಳಿಯದ ಆ ಕೈಗಳು ನನಗೆ ನೆನಪಾಗುತ್ತವೆ. 2008ರಲ್ಲಿ ಯುನೆಸ್ಕೊ ಮೆಲಾಕಾ ಊರಿನ ಜೊತೆಗೆ ಜಾರ್ಜ್‌ಟೌನ್‌ಗೂ ವಿಶ್ವ ಪರಂಪರೆಯ ಪಟ್ಟ ಕೊಟ್ಟಿದ್ದು ಹೀಗೆ ಎಲ್ಲರೂ ಒತ್ತೊತ್ತಾಗಿ ಬದುಕಿದ್ದಕ್ಕೇ.

ಮಾರಿಯಮ್ಮನ ಗುಡಿ ನಮ್ಮ ಗುಡಿಗಳ ಹಾಗೆ ಮಧ್ಯಾಹ್ನ ಮುಚ್ಚುತ್ತದೆ, ಹನ್ನೆರಡರೊಳಗೆ ಹೋಗಿ. ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಶುಕ್ರವಾರ ಮಧ್ಯಾಹ್ನವಂತೂ ಬೇಡ. ಮೈತುಂಬ ಬಟ್ಟೆ ಇರಲಿ. ಕುವಾನ್ ಯಿನ್ ದೇವಾಲಯದಲ್ಲಿ ಊದಿನಕಡ್ಡಿಯ ಹೊಗೆ ದಟ್ಟವಾಗಿರುತ್ತದೆ. ಹೊಗೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು, ಹಿಂದೆ ಕತ್ತಲು ಇರಬೇಕು. ಫ್ಲ್ಯಾಶ್ ಹಾಕಿದರೆ ಎಲ್ಲ ಬಿಳಿ ಪರದೆ ಆಗಿಬಿಡುತ್ತದೆ. ಪ್ರಾರ್ಥನೆ ಮಾಡುವವರ ಎದುರಿಗೆ ಹೋಗಿ ನಿಲ್ಲಬೇಡಿ, ಬೆನ್ನ ಹಿಂದಿನಿಂದ, ಕೈಗಳನ್ನು ಮಾತ್ರ ತೆಗೆಯಿರಿ.

ಊಟಕ್ಕೆ ಚಿಂತೆ ಬೇಡ. ಗುಡಿಯ ಸುತ್ತಲೇ ಲಿಟಲ್ ಇಂಡಿಯಾ. ತಮಿಳರ ಹೋಟೆಲುಗಳಲ್ಲಿ ಬಾಳೆ ಎಲೆ ಊಟ, ದೋಸೆ, ಇಡ್ಲಿ ಎಲ್ಲ ಸಿಗುತ್ತದೆ. ಬೀದಿ ಗಾಡಿಗಳ ಹತ್ತಿರ ಮಾತ್ರ ಎಚ್ಚರ. ಪೆನಾಂಗ್ ಲಕ್ಸಾ ಅನ್ನುವ ನೂಡಲ್ಸ್‌ನ ಸಾರು ಮೀನಿನದು. ಚಾರ್ ಕ್ವೇ ತಿಯಾವ್ ಅನ್ನುವ ಹುರಿದ ನೂಡಲ್ಸ್‌ನಲ್ಲಿ ಸಿಗಡಿ, ಮೊಟ್ಟೆ ಇರುತ್ತವೆ. ಕಾಯಿಪಲ್ಯ ಮಾತ್ರ ಅಂದರೂ ಸಂಬಲ್ ಚಟ್ನಿಯಲ್ಲಿ ಒಣ ಸಿಗಡಿಯ ಮುದ್ದೆ ಸೇರಿರುತ್ತದೆ. ಚೆಂಡೋಲ್ ಕುಡಿಯಬಹುದು, ತೆಂಗಿನ ಹಾಲು, ತಾಳೆ ಬೆಲ್ಲ, ಐಸ್, ಶಾವಿಗೆಯ ಹಾಗಿರುವ ಹಸಿರು ಎಳೆಗಳು. ಬಿಸಿಲಿಗೆ ಅಮೃತ.

ಊಟದ ಹೊತ್ತಿಗೆ ಮೊಣಕಾಲು ದಣಿದಿರುತ್ತದೆ. ಕಾಕಿ ಲಿಮಾದ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಅಂಗಡಿಯಿಂದ ಅಂಗಡಿಗೆ ಮೆಟ್ಟಿಲು ಹತ್ತಿ ಇಳಿಯಬೇಕು. ಅದನ್ನು ಮೊದಲೇ ತಿಳಿದಿರಲಿ. ಅಲ್ಲಿ ಬೆಚಾ ಅನ್ನುವ ಸೈಕಲ್ ರಿಕ್ಷಾ ಇದೆ. ಸವಾರ ಹಿಂದೆ ತುಳಿಯುತ್ತಾನೆ, ನೀವು ಮುಂದೆ ಕೂತಿರುತ್ತೀರಿ. ಕ್ಯಾಮೆರಾಗೆ ಅಡ್ಡ ಏನೂ ಇಲ್ಲ! ಹತ್ತುವ ಮುಂಚೆ ದರ ಮಾತಾಡಿ. ವಾಪಸ್ ಕಟ್ಟೆಗೆ ಅದರಲ್ಲೇ ಬನ್ನಿ. ಲೆಬು ಪಂತಾಯ್‌ನ ಹಳೇ ಬ್ಯಾಂಕ್ ಕಟ್ಟಡಗಳು ದಾರಿಯಲ್ಲೇ ಸಿಗುತ್ತವೆ. ಕೊನೆಗೆ ಗಡಿಯಾರದ ಗೋಪುರ, ಪಕ್ಕದಲ್ಲಿ ಕಾರ್ನ್‌ವಾಲಿಸ್ ಕೋಟೆ.

ಉಳಿದ ಸಣ್ಣ ವಿಷಯಗಳು. ಭಾರತದ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕು. ಹಡಗು ವಾಪಸ್ ಬಂದಾಗ ನೀವು ಮತ್ತೆ ಸಿಂಗಪುರದೊಳಗೆ ಹೋಗುತ್ತೀರಿ, ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇದೆಯೇ ನೋಡಿಕೊಳ್ಳಿ. ಮಲೇಷ್ಯಾ, ಥಾಯ್ಲೆಂಡ್ ನಿಯಮ ಬದಲಾಗುತ್ತಿರುತ್ತವೆ, ಹಡಗಿನ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಹಡಗು ಕಡಲಲ್ಲಿ ಇರುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲೇ ಇಡಿ. ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ ಸಾವಿರಗಟ್ಟಲೆ ಬರಬಹುದು. ಜಾರ್ಜ್‌ಟೌನ್ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಫೆಬ್ರುವರಿ ಅಲ್ಲಿ ಮಳೆ ಕಡಿಮೆ ಇರುವ ಕಾಲ. ಆದರೂ ಒಂದು ಮಳೆ ಬಂದರೆ ಕಾಕಿ ಲಿಮಾದ ಕೆಳಗೆ ನಿಂತು ಬೀದಿಯನ್ನು ತೆಗೆಯಿರಿ.

ತಾರೀಕು ಮಾತ್ರ ಕ್ಯಾಲೆಂಡರ್ ಜೊತೆ ಹೋಲಿಸಿ ನೋಡಿ. ಚೀನೀ ಹೊಸ ವರ್ಷ ಜನವರಿ 21ರಿಂದ ಫೆಬ್ರುವರಿ 20ರ ನಡುವೆ ಬರುತ್ತದೆ. ಮೊದಲ ಎರಡು ದಿನ ಬಹಳ ಅಂಗಡಿಗಳು ಮುಚ್ಚಿರುತ್ತವೆ, ಊರು ಮಾತ್ರ ಕೆಂಪು ದೀಪಗಳಿಂದ ತುಂಬಿರುತ್ತದೆ. ಎಂಟನೇ ದಿನ ಸಿಕ್ಕರೆ ನಿಮ್ಮ ಅದೃಷ್ಟ. ಅವತ್ತು ರಾತ್ರಿಯಿಂದ ಒಂಬತ್ತನೇ ದಿನದ ಪೂಜೆ ಶುರು, ಚ್ಯೂ ಜೆಟ್ಟಿಯಲ್ಲಿ ಹಗಲಿನಿಂದಲೇ ಉದ್ದಕ್ಕೂ ಮೇಜು ಹಾಕಿ ಕಬ್ಬು, ಹಣ್ಣು ಜೋಡಿಸುತ್ತಿರುತ್ತಾರೆ. ತಮಿಳರ ಮುರುಗನ ಹಬ್ಬ ಥೈಪೂಸಂ ಕೂಡ ಜನವರಿ ಕೊನೆ, ಫೆಬ್ರುವರಿ ಮೊದಲಲ್ಲೇ ಬರುತ್ತದೆ. ಆಗ ಲಿಟಲ್ ಇಂಡಿಯಾದಿಂದ ತೇರು ಹೊರಡುತ್ತದೆ, ಬೀದಿಯಲ್ಲಿ ತೆಂಗಿನಕಾಯಿ ರಾಶಿ ಒಡೆಯುತ್ತಾರೆ. ಅಂಥ ದಿನ ಸಿಕ್ಕರೆ ನಾನು ಮೇಲೆ ಹೇಳಿದ ದಾರಿಯನ್ನೆಲ್ಲ ಬಿಟ್ಟು ತೇರಿನ ಹಿಂದೆ ಹೋಗಿ.

ಹಡಗು ಹತ್ತಿದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ. ಐದಕ್ಕೆ ಹಡಗು ಬಿಡುವಾಗ ಮೇಲಿನ ಡೆಕ್‌ನಲ್ಲಿ, ಊರಿನ ಕಡೆಯ ಕಟಕಟೆ ಹಿಡಿದು ನಿಲ್ಲಿ. ಸೂರ್ಯ ಊರಿನ ಹಿಂದೆ, ಗುಡ್ಡದ ಕಡೆ ಇರುತ್ತಾನೆ. ನೀವು ಬೆಳಿಗ್ಗೆ ನಡೆದ ಮಾಡುಗಳೆಲ್ಲ ಕಪ್ಪು ಸಾಲಾಗಿ ಕಾಣುತ್ತವೆ, ನೀರು ಹೊಳೆಯುತ್ತಿರುತ್ತದೆ. ಅಲ್ಲಿ ಮಾತ್ರ ಟೇಪ್ ಕಿತ್ತು ಲೆನ್ಸನ್ನು 55ಕ್ಕೆ ತಿರುಗಿಸಿ, ಜೆಟ್ಟಿಗಳನ್ನು ಹುಡುಕಿ.